ನಾಯಿಯ ಸೂಕ್ಷ್ಮ ಹೊಟ್ಟೆ: ಮನೆಯಲ್ಲಿ ಏನು ಮಾಡಬಹುದು, ಯಾವಾಗ ವೈದ್ಯರ ಬಳಿ ಓಡಬೇಕು

ಕೆಲವು ನಾಯಿಗಳಿಗೆ ಏನು ತಿಂದರೂ ದಕ್ಕುತ್ತದೆ. ಇನ್ನು ಕೆಲವಕ್ಕೆ ಅರ್ಧ ಹೋಳಿಗೆ ಸಾಕು, ರಾತ್ರಿಯಿಡೀ ಬಾಗಿಲು ಕೆರೆದು ಮನೆಯವರನ್ನು ಎಬ್ಬಿಸುತ್ತವೆ. ಇಂಥ ನಾಯಿ ಇರುವವರು ಮೊದಲು ಕೇಳುವುದು ಯಾವ ಮಾತ್ರೆ ಕೊಡಬೇಕು ಅಂತ. ಅದಕ್ಕೂ ಮೊದಲು ಕೇಳಬೇಕಾದ್ದು, ನಾಯಿಯ ಬಾಯಿಗೆ ಎಷ್ಟು ಜನರ ಕೈಯಿಂದ ಏನೇನು ಹೋಗುತ್ತಿದೆ ಎಂದು. ಬೆಳಗ್ಗೆ ಅಜ್ಜ ಕಾಫಿ ಕುಡಿಯುತ್ತಾ ಎರಡು ಬಿಸ್ಕತ್ತು ಹಾಕುತ್ತಾರೆ. ಅಜ್ಜಿ ಹಾಲನ್ನ ಕಲಸುತ್ತಾರೆ. ಶಾಲೆಯಿಂದ ಬಂದ ಮಕ್ಕಳು ಚಿಪ್ಸ್ ಕೊಡುತ್ತಾರೆ. ರಾತ್ರಿ ಉಳಿದ ಸಾರನ್ನವೂ ಅದರ ತಟ್ಟೆಗೇ. ಎಲ್ಲರದೂ ಪ್ರೀತಿಯೇ, ಆದರೆ ಸೂಕ್ಷ್ಮ ಹೊಟ್ಟೆಯ ನಾಯಿಗೆ ಈ ಪ್ರೀತಿ ತಡೆಯುವುದಿಲ್ಲ. ಹೊಟ್ಟೆ ಕೆಟ್ಟ ದಿನ ಏನು ಮಾಡಬೇಕು ಎಂಬುದನ್ನು ಮೊದಲು ಹೇಳುತ್ತೇನೆ. ಮತ್ತೆ ಮತ್ತೆ ಕೆಡದಂತೆ ನೋಡಿಕೊಳ್ಳುವುದು ಆಮೇಲೆ.

ಮೊದಲು: ಇದು ಮನೆಯಲ್ಲಿ ನೋಡಿಕೊಳ್ಳುವಂಥದ್ದೇ?

ಬೆಳೆದ ನಾಯಿ ಒಂದೆರಡು ಸಲ ವಾಂತಿ ಮಾಡಿದೆ, ಅಥವಾ ಮೂರು ನಾಲ್ಕು ಸಲ ಭೇದಿ ಆಗಿದೆ. ಆದರೂ ಬಾಲ ಆಡಿಸುತ್ತಿದೆ, ನೀರು ಕುಡಿಯುತ್ತಿದೆ, ಕರೆದರೆ ಎದ್ದು ಬರುತ್ತಿದೆ. ಹೀಗಿದ್ದರೆ ಒಂದು ದಿನ ಮನೆಯಲ್ಲಿ ನೋಡಬಹುದು. ಕೆಳಗೆ ಹೇಳುವ ಯಾವುದೇ ಲಕ್ಷಣ ಇದ್ದರೆ ಮಾತ್ರ ಈ ಲೇಖನವನ್ನು ಬದಿಗಿಟ್ಟು ಹೊರಡಿ.

ಮರಿಗೆ ವಾಂತಿ ಭೇದಿ ಎರಡೂ ಶುರುವಾದರೆ ಕಾಯಲೇಬೇಡಿ, ಲಸಿಕೆ ಪೂರ್ತಿ ಆಗಿಲ್ಲದಿದ್ದರಂತೂ ಒಂದು ಗಂಟೆಯನ್ನೂ ಕಳೆಯಬೇಡಿ. ಪಾರ್ವೊ ವೈರಸ್ ಸೋಂಕು ಒಂದೆರಡು ದಿನದಲ್ಲೇ ಮರಿಯ ಜೀವ ತೆಗೆಯಬಲ್ಲದು. ದುರ್ವಾಸನೆಯ ರಕ್ತಭೇದಿ ಅದರ ಗುರುತು, ಆದರೆ ರಕ್ತ ಕಾಣಿಸಿಕೊಳ್ಳುವವರೆಗೆ ಕಾಯುವುದು ತಪ್ಪು. ಡಾಂಬರಿನಂತೆ ಕಪ್ಪಾಗಿ ಅಂಟುವ ಮಲ, ರಕ್ತ ಬೆರೆತ ವಾಂತಿ, ಹಳದಿಗೆ ತಿರುಗಿದ ಕಣ್ಣು, ಕುಡಿದ ನೀರೂ ನಿಲ್ಲದ ವಾಂತಿ, ನಡುಕ, ಜೊಲ್ಲು ಸುರಿಯುವುದು, ಇವೆಲ್ಲ ತುರ್ತು ಲಕ್ಷಣಗಳೇ. ಕಾಫಿ ತೋಟದ ಕಡೆಯವರು ಇನ್ನೊಂದನ್ನು ನೆನಪಿಡಬೇಕು: ಬಸವನಹುಳುವಿಗೆ ಇಡುವ ವಿಷದ ಗುಳಿಗೆಯನ್ನು ನಾಯಿ ತಿಂದರೆ ಶುರುವಿನಲ್ಲಿ ಜೊಲ್ಲು, ನಡುಕ, ವಾಂತಿಯೇ ಕಾಣುವುದು. ಅದಕ್ಕೆ ಮನೆಮದ್ದಿಲ್ಲ.

ಜರ್ಮನ್ ಶೆಫರ್ಡ್, ಗ್ರೇಟ್ ಡೇನ್‌ನಂಥ ಆಳವಾದ ಎದೆಗೂಡಿನ ದೊಡ್ಡ ನಾಯಿಗಳಲ್ಲಿ ಜಠರ ಗಾಳಿ ತುಂಬಿಕೊಂಡು ತಿರುಚಿಕೊಳ್ಳುವುದುಂಟು. ಹೊಟ್ಟೆ ಉಬ್ಬಿ ಗಟ್ಟಿಯಾಗುತ್ತದೆ. ನಾಯಿ ಓಕರಿಸುತ್ತಲೇ ಇರುತ್ತದೆ, ಆದರೆ ಏನೂ ಹೊರಬರುವುದಿಲ್ಲ. ಕೂತಲ್ಲಿ ನಿಂತಲ್ಲಿ ಚಡಪಡಿಸುತ್ತದೆ. ಶಸ್ತ್ರಚಿಕಿತ್ಸೆ ಕೆಲವೇ ಗಂಟೆಗಳೊಳಗೆ ಆಗದಿದ್ದರೆ ಉಳಿಯುವುದು ಕಷ್ಟ. ಮಾವಿನ ಕಾಲದಲ್ಲಿ ವಾಟೆ ನುಂಗುವುದು, ಮೆಕ್ಕೆಜೋಳ ತಿಂದು ಬಿಸಾಕಿದ ದಿಂಡು ನುಂಗುವುದು ನಮ್ಮ ಕಡೆ ಸಾಮಾನ್ಯ. ಇವು ಕರುಳಿನಲ್ಲಿ ಸಿಕ್ಕಿಕೊಂಡರೂ ವಾಂತಿಯಿಂದಲೇ ಶುರು. ನುಂಗಿದ್ದು ಗೊತ್ತಿದ್ದರೆ ವಾಂತಿ ಆಗಲಿ ಎಂದು ಕಾಯದೆ ಹೋಗಿ.

ಅನುಮಾನ ಬಂದಾಗ ಎರಡು ಪರೀಕ್ಷೆ ಮಾಡಿ ನೋಡಿ. ಮೇಲ್ತುಟಿ ಎತ್ತಿ ವಸಡನ್ನು ಬೆರಳಿನಿಂದ ಒತ್ತಿ ಬಿಡಿ. ಒತ್ತಿದ ಜಾಗ ಬೆಳ್ಳಗಾಗಿ ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿ ಬಣ್ಣಕ್ಕೆ ಬರಬೇಕು. ವಸಡು ಒದ್ದೆಯಾಗಿ ನುಣುಪಾಗಿರಬೇಕು. ಬೆರಳಿಗೆ ಅಂಟಂಟಾಗಿ ಒಣಗಿದಂತಿದ್ದರೆ ಮೈಯಲ್ಲಿ ನೀರು ಕಡಿಮೆಯಾಗಿದೆ. ಪೂರ್ತಿ ಬಿಳಿಚಿಕೊಂಡಿದ್ದರೆ ಉಣ್ಣೆ ಕಚ್ಚಿ ಬರುವ ಉಣ್ಣೆಜ್ವರ, ಒಳಗಿನ ರಕ್ತಸ್ರಾವ ಏನೂ ಇರಬಹುದು. ಎರಡನೆಯದು, ಭುಜದ ಮೇಲಿನ ಚರ್ಮವನ್ನು ಮೃದುವಾಗಿ ಮೇಲಕ್ಕೆಳೆದು ಬಿಡುವುದು. ತಕ್ಷಣ ಹಿಂದಕ್ಕೆ ಹೋಗದೆ ಮಡಿಕೆಯಾಗಿ ನಿಂತರೆ ಡ್ರಿಪ್ ಬೇಕಾಗಬಹುದು. ನಾಯಿ ಆರೋಗ್ಯವಾಗಿದ್ದಾಗಲೇ ಇವೆರಡನ್ನೂ ಮಾಡಿ ನೋಡಿಕೊಂಡಿರಿ. ಮುಧೋಳದಂಥ ತೆಳು ಚರ್ಮದ ನಾಯಿಗೂ ಜೋಲು ಚರ್ಮದ ನಾಯಿಗೂ ವ್ಯತ್ಯಾಸವಿರುತ್ತದೆ. ನಿಮ್ಮ ನಾಯಿಯದು ಸಹಜವಾಗಿ ಹೇಗಿರುತ್ತದೆ ಎಂದು ನಿಮ್ಮ ಬೆರಳಿಗೆ ಗೊತ್ತಿರಬೇಕು.

ಹೊಟ್ಟೆ ಕೆಟ್ಟ ಮೊದಲ ದಿನ

ವಾಂತಿ ಆಗುತ್ತಿದ್ದರೆ ಊಟ ನಿಲ್ಲಿಸಿ. ಆರರಿಂದ ಹನ್ನೆರಡು ಗಂಟೆ ಹೊಟ್ಟೆ ಖಾಲಿ ಇದ್ದರೆ ಆರೋಗ್ಯವಂತ ದೊಡ್ಡ ನಾಯಿಗೆ ತೊಂದರೆಯಿಲ್ಲ. ಮರಿಗಳಿಗೆ, ತೀರಾ ಚಿಕ್ಕ ಜಾತಿಯವಕ್ಕೆ, ಮಧುಮೇಹ ಇರುವವಕ್ಕೆ, ಬಸುರಿ ನಾಯಿಗೆ ಉಪವಾಸ ಹಾಕಬಾರದು. ರಕ್ತದಲ್ಲಿನ ಸಕ್ಕರೆ ಇಳಿದು ಕುಸಿದು ಬೀಳಬಹುದು. ವಾಂತಿಯಿಲ್ಲದೆ ಬರೀ ಭೇದಿಯಾಗಿದ್ದರೆ ಉಪವಾಸದ ಅಗತ್ಯವೇ ಇಲ್ಲ. ಹಗುರ ಊಟವನ್ನು ಸ್ವಲ್ಪ ಸ್ವಲ್ಪವೇ ಕೊಡುತ್ತಿದ್ದರೆ ಕರುಳು ಬೇಗ ಸುಧಾರಿಸುತ್ತದೆ. ದಿನಗಟ್ಟಲೆ ಹಸಿವಿನಲ್ಲಿ ಕೆಡವುವ ಹಳೆಯ ರೂಢಿಯನ್ನು ಬಿಟ್ಟುಬಿಡಿ.

ನೀರನ್ನು ಮಾತ್ರ ನಿಲ್ಲಿಸಬೇಡಿ. ಆದರೆ ಬಟ್ಟಲು ತುಂಬ ಇಟ್ಟರೆ ಗಟಗಟ ಕುಡಿದು ಅಷ್ಟನ್ನೂ ಕಕ್ಕಿಬಿಡುತ್ತದೆ. ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಚಿಕ್ಕ ನಾಯಿಗೆ ಎರಡು ಚಮಚ, ದೊಡ್ಡದಕ್ಕೆ ಕಾಲು ಲೋಟ, ಹೀಗೆ ಕೊಡಿ. ಮೆಡಿಕಲ್ ಶಾಪಿನಲ್ಲಿ ಸಿಗುವ ಓಆರ್‌ಎಸ್ ಪುಡಿ ಆಗುತ್ತದೆ. ಪೊಟ್ಟಣದ ಮೇಲೆ ಒಂದು ಲೀಟರ್ ಎಂದಿದ್ದರೆ ಪೂರ್ತಿ ಲೀಟರಿಗೇ ಕಲಸಿ, ಗಟ್ಟಿಯಾಗಿ ಕಲಸಬೇಡಿ. ಇಪ್ಪತ್ತನಾಲ್ಕು ಗಂಟೆ ಕಳೆದ ಮೇಲೆ ಉಳಿದದ್ದನ್ನು ಚೆಲ್ಲಿ. ಹಣ್ಣಿನ ರುಚಿಯ ರೆಡಿಮೇಡ್ ಡಬ್ಬಿಗಳು ಬೇಡ, ಅವುಗಳಲ್ಲಿ ಸಕ್ಕರೆ ಜಾಸ್ತಿ. ಸಕ್ಕರೆಯಿಲ್ಲದ್ದು ಎಂದು ಮಾರುವ ಪಾನೀಯ ಇನ್ನೂ ಅಪಾಯ. ಕ್ಸೈಲಿಟಾಲ್ ಎಂಬ ಸಿಹಿಕಾರಕ ಅದರಲ್ಲಿದ್ದರೆ ನಾಯಿಗೆ ಅದು ವಿಷ.

ಅನ್ನ, ಕೋಳಿ: ಹೀಗೆ ಬೇಯಿಸಿ

ಹೊಟ್ಟೆ ಕೆಟ್ಟ ನಾಯಿಗೆ ಅನ್ನದಷ್ಟು ಸುಲಭದ ಊಟ ಕಡಿಮೆ. ನಾಯಿಗೆ ಅನ್ನ ಜೀರ್ಣವಾಗುವುದಿಲ್ಲ, ಅದು ಮಾಂಸಾಹಾರಿ ಎಂದು ವಾದಿಸುವವರಿದ್ದಾರೆ. 2013ರಲ್ಲಿ ಪ್ರಕಟವಾದ ಒಂದು ವಂಶವಾಹಿ ಅಧ್ಯಯನ ಇದಕ್ಕೆ ಉತ್ತರ ಕೊಟ್ಟಿದೆ. ಪಿಷ್ಟವನ್ನು ಅರಗಿಸುವ ವಂಶವಾಹಿಯ ಪ್ರತಿಗಳು ತೋಳಕ್ಕೆ ಎರಡೇ ಇದ್ದರೆ ನಾಯಿಗೆ ಅದರ ಎಷ್ಟೋ ಪಟ್ಟು ಇವೆ. ಮನುಷ್ಯನ ಜೊತೆ ಬದುಕುತ್ತಾ ಅದು ನಮ್ಮ ಧಾನ್ಯಕ್ಕೆ ಒಗ್ಗಿಕೊಂಡಿದೆ.

ಅಕ್ಕಿ ಬಿಳಿಯದಾಗಿರಲಿ. ಸೋನಾ ಮಸೂರಿ ಸಾಕು. ಕರಾವಳಿಯವರು ದಿನವೂ ಹಾಕುವ ಕೆಂಪು ಕುಚ್ಚಲಕ್ಕಿಯಲ್ಲಿ ನಾರಿನಂಶ ಜಾಸ್ತಿ, ಅದನ್ನು ಈ ಮೂರು ನಾಲ್ಕು ದಿನ ಬಿಡಿ. ನಮ್ಮ ಊಟಕ್ಕಿಂತ ನೀರು ಜಾಸ್ತಿ ಹಾಕಿ, ಅಗುಳು ಬೆರಳಲ್ಲಿ ಹಿಚುಕಿದರೆ ಕರಗುವಷ್ಟು ಮೆತ್ತಗೆ ಬೇಯಿಸಿ. ಗಂಜಿ ಬಸಿಯಬೇಡಿ.

ಕೋಳಿಯ ಎದೆಭಾಗ ತನ್ನಿ. ಚರ್ಮ, ಅದರಡಿಯ ಹಳದಿ ಕೊಬ್ಬು ಎರಡನ್ನೂ ಕಿತ್ತುಹಾಕಿ. ಬರೀ ನೀರಲ್ಲಿ ಬೇಯಿಸಿ: ಉಪ್ಪು ಬೇಡ, ಅರಿಶಿನ ಬೇಡ, ಎಣ್ಣೆ ಬೇಡ. ಈರುಳ್ಳಿ, ಬೆಳ್ಳುಳ್ಳಿ ಎಂದೆಂದಿಗೂ ಬೇಡ. ಬೆಂದ ಮೇಲೆ ಕೈಯಲ್ಲೇ ಎಳೆ ಎಳೆಯಾಗಿ ಬಿಡಿಸಿ, ಒಂದೇ ಒಂದು ಮೂಳೆಯ ಚೂರೂ ಇಲ್ಲವೆಂದು ಬೆರಳಾಡಿಸಿ ನೋಡಿ. ಬೆಂದ ಮೂಳೆ ಸೂಜಿಯಂತೆ ಸೀಳಿ ಕರುಳಿಗೆ ಚುಚ್ಚಿಕೊಳ್ಳುತ್ತದೆ. ಬೇಯಿಸಿದ ನೀರನ್ನು ಫ್ರಿಜ್ಜಿನಲ್ಲಿಟ್ಟರೆ ಮೇಲೆ ಕೊಬ್ಬಿನ ಕೆನೆ ಕಟ್ಟುತ್ತದೆ. ಅದನ್ನು ಚಮಚದಿಂದ ತೆಗೆದುಹಾಕಿ ಉಳಿದ ತಿಳಿಯನ್ನು ಅನ್ನಕ್ಕೆ ಬಳಸಿ. ಊಟದ ಆಸೆಯೇ ಇಲ್ಲದ ನಾಯಿ ಈ ತಿಳಿಯ ವಾಸನೆಗೆ ಮೂತಿ ಎತ್ತುತ್ತದೆ.

ಪ್ರಮಾಣ: ಹತ್ತು ಕೆ.ಜಿ. ತೂಗುವ ನಾಯಿಗೆ ಇಡೀ ದಿನಕ್ಕೆ ಬೆಂದ ಅನ್ನ ಸುಮಾರು 200 ಗ್ರಾಂ, ಬೆಂದ ಕೋಳಿ 100 ಗ್ರಾಂ. ಮೂವತ್ತು ಕೆ.ಜಿ.ಯ ಲ್ಯಾಬ್ರಡಾರಿಗೆ ಇದರ ಮೂರು ಪಟ್ಟು ಬೇಡ, ಎರಡು ಪಟ್ಟಿಗಿಂತ ಸ್ವಲ್ಪ ಜಾಸ್ತಿ ಸಾಕು. ತೂಕ ಏರಿದಷ್ಟೇ ವೇಗದಲ್ಲಿ ಆಹಾರದ ಬೇಡಿಕೆ ಏರುವುದಿಲ್ಲ. ಮೊದಲ ದಿನ ಇದರ ಅರ್ಧ ಮಾತ್ರ, ಅದನ್ನೂ ನಾಲ್ಕೈದು ಸಲ ಮಾಡಿ, ಉಗುರು ಬೆಚ್ಚಗಿರುವಾಗ ಕೊಡಿ. ಮೊದಲ ಸಲ ಒಂದೆರಡು ಚಮಚ ಮಾತ್ರ ಹಾಕಿ ಎರಡು ಗಂಟೆ ನೋಡಿ. ನಿಂತರೆ ಮುಂದಿನ ಪಾಲು.

ಮಾಂಸ ಬೇಯಿಸದ ಮನೆಯವರು ಏನು ಮಾಡಬೇಕು? ಹೆಸರುಬೇಳೆಯನ್ನು ನೆನೆಸಿ, ಅಕ್ಕಿಯ ಜೊತೆ ಕರಗುವಂತೆ ಬೇಯಿಸಿ ಉಪ್ಪು ಒಗ್ಗರಣೆ ಇಲ್ಲದ ಹುಗ್ಗಿ ಮಾಡಿ. ಬೇಳೆ ಅಕ್ಕಿಯ ಕಾಲು ಭಾಗ ಮೀರದಿರಲಿ, ಇಲ್ಲದಿದ್ದರೆ ಗಾಳಿ ತುಂಬುತ್ತದೆ. ಮೊಟ್ಟೆ ನಡೆಯುವ ಮನೆಯಾದರೆ ಬೇಯಿಸಿದ ಮೊಟ್ಟೆ ಚೆನ್ನಾಗಿ ಒಗ್ಗುತ್ತದೆ. ಕೆನೆ ತೆಗೆದ ಹಾಲಿನಿಂದ ಮನೆಯಲ್ಲೇ ಮಾಡಿದ ಪನೀರ್ ಕೂಡ ಆಗುತ್ತದೆ. ತುಪ್ಪ ಹಾಕುವ ಅಭ್ಯಾಸವಿದ್ದರೆ ಈ ದಿನಗಳಲ್ಲಿ ಖಂಡಿತ ನಿಲ್ಲಿಸಿ. ಕೊಬ್ಬು ಮೇದೋಜೀರಕ ಗ್ರಂಥಿಯನ್ನು ಕೆರಳಿಸುತ್ತದೆ. ಹಬ್ಬದ ಮಾರನೆಯ ದಿನ ನಾಯಿ ಮುಂಗಾಲು ನೆಲಕ್ಕೂರಿ ಹಿಂಭಾಗ ಎತ್ತಿ ನಮಸ್ಕಾರ ಹಾಕಿದಂತೆ ನಿಂತು ಮುಲುಗುತ್ತಿದ್ದರೆ ಆ ಗ್ರಂಥಿಯ ಊತವಿರಬಹುದು. ಅದು ಮನೆಯಲ್ಲಿ ವಾಸಿಯಾಗುವ ನೋವಲ್ಲ.

ಮಲ ಗಟ್ಟಿಯಾದ ಮೇಲೂ ಎರಡು ದಿನ ಇದೇ ಊಟ ಮುಂದುವರಿಸಿ. ಆಮೇಲೆ ಹಳೆಯ ಆಹಾರವನ್ನು ಮೊದಲು ಕಾಲು ಭಾಗ, ನಂತರ ಅರ್ಧ, ನಂತರ ಮುಕ್ಕಾಲು ಸೇರಿಸುತ್ತಾ ನಾಲ್ಕೈದು ದಿನದಲ್ಲಿ ವಾಪಸ್ ಬನ್ನಿ.

ಮನೆಮದ್ದುಗಳಲ್ಲಿ ನಂಬಬಹುದಾದವು

ಸಿಹಿಗುಂಬಳಕ್ಕೆ ಮೊದಲ ಸ್ಥಾನ. ಸಿಪ್ಪೆ, ಬೀಜ ತೆಗೆದು ಹಬೆಯಲ್ಲಿ ಬೇಯಿಸಿ ಹಿಸುಕಿ. ಚಿಕ್ಕ ನಾಯಿಯ ಊಟಕ್ಕೆ ಒಂದು ಚಮಚ, ದೊಡ್ಡದಕ್ಕೆ ಮೂರು ನಾಲ್ಕು ದೊಡ್ಡ ಚಮಚ. ಇದರ ನಾರು ಕರುಳಿನ ಹೆಚ್ಚುವರಿ ನೀರನ್ನು ಹೀರಿಕೊಳ್ಳುತ್ತದೆ, ಮಲಬದ್ಧತೆ ಇದ್ದಾಗ ಮಲವನ್ನು ಮೆತ್ತಗೂ ಮಾಡುತ್ತದೆ. ಇಸಬ್‌ಗೋಲ್ ಕೂಡ ಇದೇ ಕೆಲಸ ಮಾಡುತ್ತದೆ: ಹತ್ತು ಕೆ.ಜಿ. ಒಳಗಿನ ನಾಯಿಗೆ ಅರ್ಧ ಟೀ ಚಮಚ, ಅದಕ್ಕಿಂತ ದೊಡ್ಡದಕ್ಕೆ ಒಂದು. ಒಣಗಿದ್ದನ್ನು ಹಾಗೇ ಹಾಕದೆ ನೀರಲ್ಲಿ ಚೆನ್ನಾಗಿ ನೆನೆಸಿ ಊಟಕ್ಕೆ ಬೆರೆಸಿ. ಲೋಳೆ ಬೆರೆತ ಸ್ವಲ್ಪ ಸ್ವಲ್ಪ ಮಲಕ್ಕೆ ಗಳಿಗೆಗೊಮ್ಮೆ ಓಡುವ ನಾಯಿಗೆ, ಅಂದರೆ ತೊಂದರೆ ದೊಡ್ಡ ಕರುಳಿನಲ್ಲಿದ್ದಾಗ, ಇದು ಹೆಚ್ಚು ಉಪಯೋಗ. ದೀಪಾವಳಿಯ ಪಟಾಕಿಗೆ ಹೆದರಿ ಹೊಟ್ಟೆ ಕೆಡಿಸಿಕೊಳ್ಳುವ ನಾಯಿಗಳಲ್ಲಿ ಸಾಮಾನ್ಯವಾಗಿ ಕಾಣುವುದು ಈ ಬಗೆಯೇ.

ಮೊಸರಿನ ವಿಷಯದಲ್ಲಿ ಸ್ವಲ್ಪ ಎಚ್ಚರ ಬೇಕು. ಬೆಳೆದ ನಾಯಿಗಳಲ್ಲಿ ಹಾಲಿನ ಸಕ್ಕರೆಯನ್ನು ಅರಗಿಸುವ ಶಕ್ತಿ ಕಡಿಮೆಯಾಗುತ್ತಾ ಹೋಗುತ್ತದೆ. ಹಾಲು ಕುಡಿಸಿದರೆ ಭೇದಿಯಾಗುವುದು ಅದಕ್ಕೇ. ಹೆಪ್ಪುಗಟ್ಟುವಾಗ ಆ ಸಕ್ಕರೆ ಸ್ವಲ್ಪ ಕರಗುತ್ತದೆ, ಆದ್ದರಿಂದ ಮೊಸರು ಎಷ್ಟೋ ನಾಯಿಗಳಿಗೆ ಒಗ್ಗುತ್ತದೆ, ಆದರೆ ಎಲ್ಲಕ್ಕೂ ಅಲ್ಲ. ಮಾಮೂಲಿಯಾಗಿ ಮೊಸರನ್ನ ತಿಂದು ಬೆಳೆದ ನಾಯಿಗೆ ವಾಂತಿ ನಿಂತ ಮೇಲೆ ಒಂದೆರಡು ಚಮಚ ತಾಜಾ ಮೊಸರು ಹಾಕಿ. ಯಾವತ್ತೂ ತಿನ್ನದ ನಾಯಿಯ ಮೇಲೆ ಹೊಟ್ಟೆ ಕೆಟ್ಟ ದಿನವೇ ಪ್ರಯೋಗ ಬೇಡ. ಇಂಗು, ಮೆಣಸಿನಕಾಯಿ, ಉಪ್ಪು ಬಿದ್ದ ಮಜ್ಜಿಗೆ ಯಾವ ನಾಯಿಗೂ ಬೇಡ.

ಬೆಳಗಿನ ಜಾವ ಹಳದಿ ನೊರೆ ಕಕ್ಕಿ, ಆಮೇಲೆ ಏನೂ ಆಗಿಲ್ಲವೆಂಬಂತೆ ಓಡಾಡುವ ನಾಯಿಗೆ ಬೇರೆ ಉಪಾಯವಿದೆ. ರಾತ್ರಿಯ ಊಟಕ್ಕೂ ಬೆಳಗಿನ ಊಟಕ್ಕೂ ಅಂತರ ಜಾಸ್ತಿಯಾದಾಗ ಪಿತ್ತ ಖಾಲಿ ಜಠರಕ್ಕೆ ನುಗ್ಗುತ್ತದೆ. ಮಲಗುವ ಮುನ್ನ ಒಂದು ಹಿಡಿ ಅನ್ನವನ್ನೋ ಅದರ ಮಾಮೂಲಿ ಆಹಾರವನ್ನೋ ಕೊಟ್ಟು ನೋಡಿ. ಬಹಳಷ್ಟು ನಾಯಿಗಳಲ್ಲಿ ಅಷ್ಟರಿಂದಲೇ ನಿಲ್ಲುತ್ತದೆ.

ಮನುಷ್ಯರ ಮಾತ್ರೆಗಳ ಡಬ್ಬಿಗೆ ಕೈ ಹಾಕಬೇಡಿ. ಪ್ಯಾರಾಸಿಟಮಾಲ್, ಐಬುಪ್ರೊಫೇನ್, ಡೈಕ್ಲೋಫೆನಾಕ್ ನಾಯಿಯ ಯಕೃತ್ತು, ಜಠರ, ಮೂತ್ರಪಿಂಡಗಳನ್ನು ಹಾಳುಮಾಡುತ್ತವೆ. ಭೇದಿ ನಿಲ್ಲಿಸುವ ಲೋಪೆರಮೈಡ್ ಕಾಲಿ (Collie) ಜಾತಿಯ ನಾಯಿಗಳಲ್ಲಿ ಮೆದುಳಿಗೇ ಏರಬಹುದು. ಮೆಟ್ರೊನಿಡಜೋಲ್ ಮಾತ್ರೆಯನ್ನು ತಾವೇ ಅರ್ಧ ಮುರಿದು ಕೊಡುವ ರೂಢಿ ನಮ್ಮಲ್ಲಿ ಬಹಳ. ಸಾಧಾರಣ ಭೇದಿಗೆ ಆಂಟಿಬಯಾಟಿಕ್ ಬೇಕಿಲ್ಲ, ಅದು ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳನ್ನೂ ಕೊಂದು ಹೊಟ್ಟೆಯನ್ನು ಇನ್ನಷ್ಟು ಸೂಕ್ಷ್ಮ ಮಾಡುತ್ತದೆ. ಹರಳೆಣ್ಣೆಯಂತೂ ಬೇಡವೇ ಬೇಡ.

ಮತ್ತೆ ಮತ್ತೆ ಕೆಡುತ್ತಿದ್ದರೆ

ಇಲ್ಲಿ ಬೇಕಾದ್ದು ಮನೆಯವರ ಒಗ್ಗಟ್ಟು. ಅಡುಗೆಮನೆಯ ಗೋಡೆಗೆ ಒಂದು ಹಾಳೆ ಅಂಟಿಸಿ, ಪಕ್ಕದಲ್ಲೇ ಪೆನ್ನು ಕಟ್ಟಿ. ಯಾರು, ಎಷ್ಟು ಹೊತ್ತಿಗೆ, ಏನು ಕೊಟ್ಟರು ಎಂದು ಬರೆಯಬೇಕು, ಒಂದು ಬಿಸ್ಕತ್ತಾದರೂ ಸರಿ. ಅದರ ಮುಂದೆ ಆ ದಿನದ ಮಲ ಗಟ್ಟಿಯಿತ್ತೋ ಮೆತ್ತಗಿತ್ತೋ ನೀರಾಗಿತ್ತೋ ಎಂದು ಬರೆಯಿರಿ. ಎರಡು ವಾರದ ಹಾಳೆ ನೋಡಿದರೆ ಕಾರಣ ಹೆಚ್ಚಾಗಿ ಕಣ್ಣಿಗೇ ಬೀಳುತ್ತದೆ. ಹಿರಿಯರಿಗೆ "ಕೊಡಬೇಡಿ" ಎಂದರೆ ನೋವಾಗುತ್ತದೆ. ಅದರ ಬದಲು ನಾಯಿಯ ದಿನದ ಪಾಲಿನಿಂದಲೇ ಸ್ವಲ್ಪ ತೆಗೆದು ಡಬ್ಬಿಯಲ್ಲಿಟ್ಟು, "ಅಜ್ಜಿ, ಕೊಡಬೇಕು ಅನ್ನಿಸಿದಾಗ ಇದರಿಂದಲೇ ಕೊಡಿ" ಎಂದು ಅವರ ಕೈಗೇ ಕೊಡಿ. ಅವರ ಕೈತುತ್ತೂ ಉಳಿಯುತ್ತದೆ, ನಾಯಿಯ ಹೊಟ್ಟೆಯೂ ಉಳಿಯುತ್ತದೆ.

ಹಬ್ಬದ ದಿನ ಪಾಯಸ, ಕೇಸರಿಬಾತಿನಲ್ಲಿರುವ ಒಣದ್ರಾಕ್ಷಿಯ ಬಗ್ಗೆ ಮನೆಗೆ ಬಂದ ನೆಂಟರಿಗೂ ಹೇಳಿ. ದ್ರಾಕ್ಷಿ ಹಸಿಯಿರಲಿ ಒಣಗಿದ್ದಿರಲಿ, ನಾಯಿಯ ಮೂತ್ರಪಿಂಡವನ್ನು ಕೆಡಿಸಬಲ್ಲದು. ಯಾವ ನಾಯಿಗೆ ಎಷ್ಟು ಸಾಕು ಎಂದು ಮೊದಲೇ ಹೇಳಲಾಗುವುದಿಲ್ಲ. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರು, ಪಲ್ಯ, ಬಿರಿಯಾನಿ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಚಾಕೊಲೇಟೂ ವಿಷವೇ.

ಆಹಾರದ ಬ್ರ್ಯಾಂಡ್ ಬದಲಿಸಬೇಕಾದರೆ ಏಳರಿಂದ ಹತ್ತು ದಿನ ಹಳೆಯದರ ಜೊತೆ ಬೆರೆಸುತ್ತಾ ಬದಲಿಸಿ. ಹೊಟ್ಟೆ ಕೆಟ್ಟಾಗಲೆಲ್ಲ ಹೊಸ ಪ್ಯಾಕೆಟ್ ತರುವವರಿದ್ದಾರೆ. ಆ ಬದಲಾವಣೆಯೇ ಮುಂದಿನ ಭೇದಿಗೆ ಕಾರಣವಾಗುತ್ತದೆ.

ಜಂತುಹುಳದ ಲೆಕ್ಕ ತಪ್ಪಿಲ್ಲವೇ ನೋಡಿ. ಬೆಳೆದ ನಾಯಿಗೆ ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ತೂಕಕ್ಕೆ ತಕ್ಕ ಮಾತ್ರೆ ಬೇಕು. ಮಳೆಗಾಲದಲ್ಲಿ ಹೊಂಡದ ನೀರು ಕುಡಿಯುವ ನಾಯಿಗೆ ಜಿಯಾರ್ಡಿಯಾ ಎಂಬ ಸೂಕ್ಷ್ಮಜೀವಿ ಹತ್ತುವುದುಂಟು. ಅದು ಮಲಪರೀಕ್ಷೆಯಲ್ಲೇ ತಿಳಿಯಬೇಕು.

ಇದೆಲ್ಲ ಸರಿಯಿದ್ದೂ ಹೊಟ್ಟೆ ನಿಲ್ಲದಿದ್ದರೆ ಆಹಾರದ ಅಲರ್ಜಿಯನ್ನು ಅನುಮಾನಿಸಬೇಕು. ನಾಯಿಗಳಲ್ಲಿ ಹೆಚ್ಚಾಗಿ ಕಾಣುವುದು ದನದ ಮಾಂಸ, ಹಾಲಿನ ಪದಾರ್ಥ, ಕೋಳಿ ಮತ್ತು ಗೋಧಿಯ ಅಲರ್ಜಿ. ಹಾಗಾಗಿ ಅನ್ನ ಕೋಳಿ ತಿಂದಾಗಲೇ ಕೆಡುವ ನಾಯಿಯೂ ಇರುತ್ತದೆ. ಪತ್ತೆಗೆ ಇರುವ ದಾರಿ ಒಂದೇ. ಅದು ಹಿಂದೆಂದೂ ತಿನ್ನದ ಒಂದು ಪ್ರೋಟೀನು, ಒಂದು ಪಿಷ್ಟ ಆರಿಸಿಕೊಳ್ಳಿ. ಉದಾಹರಣೆಗೆ ಮುಳ್ಳು ಬಿಡಿಸಿದ ಮೀನು ಮತ್ತು ಗೆಣಸು. ಎಂಟು ವಾರ ಅದನ್ನು ಬಿಟ್ಟು ಬೇರೇನೂ ಕೊಡಬಾರದು, ರುಚಿ ಹಾಕಿದ ಜಂತುಹುಳದ ಮಾತ್ರೆ ಕೂಡ. ಹೊಟ್ಟೆಯ ತೊಂದರೆ ಸಾಮಾನ್ಯವಾಗಿ ಎರಡು ಮೂರು ವಾರದಲ್ಲೇ ತಗ್ಗುತ್ತದೆ, ಚರ್ಮದ ತುರಿಕೆಗೆ ಪೂರ್ತಿ ಎಂಟು ವಾರ ಬೇಕು. ತಗ್ಗಿದ ಮೇಲೆ ಹಳೆಯ ಪದಾರ್ಥಗಳನ್ನು ಒಂದೊಂದಾಗಿ, ವಾರ ಎರಡು ವಾರ ಬಿಟ್ಟು ಸೇರಿಸಿ ನೋಡಿ. ಯಾವುದಕ್ಕೆ ಕೆಟ್ಟಿತೋ ಅದೇ ಕಾರಣ.

ಮನೆ ಊಟವನ್ನೇ ಕಾಯಂ ಮಾಡುವವರಿಗೆ ಒಂದು ಮಾತು. ಅನ್ನ ಕೋಳಿ ವಾರದ ಮಟ್ಟಿಗೆ ಸರಿ, ತಿಂಗಳುಗಟ್ಟಲೆ ಸಾಲದು. ಮಾಂಸದಲ್ಲಿ ರಂಜಕ (ಫಾಸ್ಫರಸ್) ಹೆಚ್ಚು, ಸುಣ್ಣದಂಶ (ಕ್ಯಾಲ್ಸಿಯಂ) ಇಲ್ಲವೆನ್ನುವಷ್ಟು ಕಡಿಮೆ. ಬೆಳೆಯುವ ಮರಿಯ ಕಾಲು ಸೊಟ್ಟಗಾಗುವುದು ಹೀಗೆಯೇ. ರಾಗಿಯಲ್ಲಿ ಸುಣ್ಣದಂಶ ಹೆಚ್ಚಿದೆ ನಿಜ, ಆದರೆ ಅದಷ್ಟೂ ಮೈಗೆ ಹತ್ತುವುದಿಲ್ಲ, ಅದನ್ನೇ ನೆಚ್ಚಿಕೊಳ್ಳಬೇಡಿ. ವೈದ್ಯರನ್ನು ಕೇಳಿ ಕ್ಯಾಲ್ಸಿಯಂ, ವಿಟಮಿನ್‌ಗಳ ಪ್ರಮಾಣ ಗೊತ್ತುಮಾಡಿಕೊಳ್ಳಿ.

ವೈದ್ಯರ ಬಳಿ ಹೋಗುವಾಗ

ಮನೆಯ ಆರೈಕೆಯಿಂದ ಎರಡು ದಿನದಲ್ಲಿ ಸುಧಾರಿಸದಿದ್ದರೆ ಹೋಗಿ. ಮೂರು ವಾರದಿಂದ ಬಿಟ್ಟು ಬಿಟ್ಟು ಕಾಡುತ್ತಿದ್ದರೆ, ತೂಕ ಇಳಿಯುತ್ತಿದ್ದರೆ ಆಗಲೂ ಹೋಗಿ. ಚೆನ್ನಾಗಿ ತಿಂದೂ ಬಡವಾಗುತ್ತಾ, ರಾಶಿ ರಾಶಿ ಜಿಡ್ಡುಜಿಡ್ಡಾದ ಮಲ ಹಾಕುವ ನಾಯಿಗೆ, ಅದರಲ್ಲೂ ಜರ್ಮನ್ ಶೆಫರ್ಡಿಗೆ, ಮೇದೋಜೀರಕ ಗ್ರಂಥಿಯ ರಸವೇ ಸಾಲದಿರಬಹುದು. ರಕ್ತಪರೀಕ್ಷೆಯಲ್ಲಿ ತಿಳಿಯುತ್ತದೆ, ಊಟದ ಜೊತೆ ಕಿಣ್ವದ ಪುಡಿ ಕೊಟ್ಟರೆ ನಾಯಿ ಮತ್ತೆ ಮೈದುಂಬುತ್ತದೆ. ಬೆಂಗಳೂರಿನ ಹೆಬ್ಬಾಳ, ಬೀದರ, ಶಿವಮೊಗ್ಗ, ಹಾಸನದ ಪಶುವೈದ್ಯಕೀಯ ಕಾಲೇಜುಗಳ ಸುತ್ತಮುತ್ತ ಇರುವವರು ಅಲ್ಲಿಗೂ ಹೋಗಬಹುದು.

ಹೊರಡುವ ಮುನ್ನ ಆ ದಿನದ ಮಲವನ್ನು ಒಣ ಡಬ್ಬಿಯಲ್ಲಿ ಹಾಕಿಕೊಳ್ಳಿ, ತಡವಾಗುವುದಾದರೆ ತಣ್ಣಗಿರುವ ಕಡೆ ಇಡಿ. ವಾಂತಿಯ ಫೋಟೊ ಫೋನಿನಲ್ಲಿರಲಿ. ಲಸಿಕೆಯ ಪುಸ್ತಕ, ತಿನ್ನಿಸುತ್ತಿರುವ ಆಹಾರದ ಪೊಟ್ಟಣದ ಹಿಂಬದಿ, ಗೋಡೆಯ ಮೇಲಿನ ಆ ಹಾಳೆ, ಎಲ್ಲವನ್ನೂ ಒಯ್ಯಿರಿ. ಯಾರಾದರೂ ಏನಾದರೂ ಮಾತ್ರೆ ಕೊಟ್ಟಿದ್ದರೆ ಮುಚ್ಚಿಡದೆ ಹೇಳಿ. ಅದು ಗೊತ್ತಿಲ್ಲದೆ ವೈದ್ಯರು ಇನ್ನೊಂದು ಔಷಧ ಕೊಟ್ಟರೆ ಎರಡೂ ಸೇರಿ ತೊಂದರೆಯಾಗಬಹುದು.